ಗಂಡ ಹೆಂಡಿರು ಉಂಡು ಮಲಗಿದರು... ಕೂಸು ಮಲಗಲಿಲ್ಲ!

ಗಂಡ ಹೆಂಡಿರ ಜಗಳದ ಬಗ್ಗೆ ಕನ್ನಡದಲ್ಲಿ ಎರಡು ಗಾದೆಗಳಿವೆ. ಒಂದು, 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ'. ಇನ್ನೊಂದು, 'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು'. ಮೊದಲನೆಯದು ದಾವಣಗೆರೆಯ ಎಲ್ಲರ ಬಾಯಲ್ಲೂ ಇದೆ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತೋ, ಹೆಂಗಸು ಕೂಗಿಕೊಂಡಳೋ, ಈ ಗಾದೆ ಒಂದು ಹೇಳಿ ಟಿ.ವಿ. ಸೌಂಡು ಸ್ವಲ್ಪ ಜಾಸ್ತಿ ಮಾಡಿಕೊಂಡರೆ ಮುಗಿಯಿತು. ಎರಡನೆಯ ಗಾದೆಯನ್ನು ಮಾತ್ರ ಜನ ಬೇರೆ ಕೆಲಸಕ್ಕೆ ಹಚ್ಚಿಬಿಟ್ಟಿದ್ದಾರೆ. ಪಾಲಿಕೆಗೂ ಗುತ್ತಿಗೆದಾರನಿಗೂ ತಕರಾರು ಬಿದ್ದು ರಸ್ತೆ ಅರ್ಧಕ್ಕೆ ನಿಂತರೆ 'ಕೂಸು ಬಡವಾಯ್ತು' ಅಂತಾರೆ. ಎರಡು ಪಕ್ಷ ಕಿತ್ತಾಡಿ ಕುಡಿಯುವ ನೀರು ಬರದಿದ್ದರೆ 'ಕೂಸು ಬಡವಾಯ್ತು' ಅಂತಾರೆ. ಅದು ನಿಜವಾದ ಕೂಸಿನ ಬಗ್ಗೆ, ನಿಜವಾದ ಮನೆಯೊಳಗಿನ ಕೂಸಿನ ಬಗ್ಗೆ ಹಿರಿಯರು ಹೇಳಿದ ಮಾತು ಅನ್ನೋದೇ ಮರೆತುಹೋಗಿದೆ.

ಜಗಳ ಇಲ್ಲದ ಸಂಸಾರ ಇಲ್ಲ, ಒಪ್ಪೋಣ. ಸೀರೆಗೆ, ಸಾಲಕ್ಕೆ, ತವರಿಗೆ ಹೋಗೋದಕ್ಕೆ, ಬೀಗರಿಗೆ ಉಪಚಾರ ಕಡಿಮೆಯಾದದ್ದಕ್ಕೆ ಜಗಳ ಆಗುತ್ತೆ. ಆಗಲಿ. ಅದರಲ್ಲಿ ಇಬ್ಬರಿಗೂ ಬಾಯಿ ಇರುತ್ತೆ, ಸಂಜೆಗೆ ರಾಜಿಯೂ ಆಗುತ್ತೆ. ಆದರೆ ಒಬ್ಬರ ಬಾಯಿ ತೆರೆದರೆ ಇನ್ನೊಬ್ಬರ ಕೈ ಏಳುತ್ತದೆ ಎಂದಾದಾಗ, ಚಪ್ಪಲಿ ಸದ್ದು ಕೇಳಿದ ಕೂಡಲೇ ಮನೆ ಮಂದಿಯೆಲ್ಲ ಉಸಿರು ಬಿಗಿಹಿಡಿಯುತ್ತಾರೆ ಎಂದಾದಾಗ ಅದಕ್ಕೆ ಜಗಳ ಅನ್ನುವ ಹೆಸರು ಸಲ್ಲದು. ಅದು ಹಿಂಸೆ. ಅಂಥ ಮನೆಯಲ್ಲಿ ಗಂಡ ಹೆಂಡಿರು ಉಂಡು ಮಲಗಬಹುದು. ಕೂಸು ಮಲಗಿರುವುದಿಲ್ಲ. ಹೊದಿಕೆಯೊಳಗೆ ಕಣ್ಣು ಬಿಟ್ಟುಕೊಂಡು ಮತ್ತೆ ಶುರುವಾಗುತ್ತೇನೋ ಅಂತ ಕಾಯುತ್ತಿರುತ್ತದೆ.

ಸರ್ಕಾರದ್ದೇ ಲೆಕ್ಕ ಕೇಳಿ

'ಏ, ಅದೆಲ್ಲ ಅಲ್ಲೊಂದು ಇಲ್ಲೊಂದು ಬಿಡ್ರಿ' ಅನ್ನುವವರಿಗೆ ಸರ್ಕಾರದ್ದೇ ಲೆಕ್ಕವಿದೆ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಕರ್ನಾಟಕದ 18ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದರು. ದೇಶದ ಸರಾಸರಿ 29. ಆ ಸುತ್ತಿನಲ್ಲಿ ಇಡೀ ದೇಶಕ್ಕೆ ಕರ್ನಾಟಕವೇ ಮೊದಲು! ಅದಕ್ಕೂ ಹಿಂದಿನ 2015-16ರ ಸುತ್ತಿನಲ್ಲಿ ರಾಜ್ಯದ ಅಂಕಿ ನೂರಕ್ಕೆ 21ರ ಹತ್ತಿರವಿತ್ತು. ಹೊಡೆಯುವ ಕೈ ಹೆಚ್ಚಿತೋ, ಹೇಳುವ ಬಾಯಿ ಹೆಚ್ಚಿತೋ, ಅದರ ಚರ್ಚೆ ಪಂಡಿತರಿಗಿರಲಿ. ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ಮುಂದಿನ ಸೀಟುಗಳಲ್ಲಿ ಕೂತ ಇಪ್ಪತ್ತು ಮಂದಿ ಗೃಹಿಣಿಯರನ್ನು ಎಣಿಸಿದರೆ, ರಾಜ್ಯದ ಸರಾಸರಿಯ ಪ್ರಕಾರ ಎಂಟೊಂಬತ್ತು ಮಂದಿಯ ಮನೆಯ ಕಥೆ ಇದು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಏಳು ಕಾರಣಗಳನ್ನು ಓದಿ ಹೇಳಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಅಂತ ಕೇಳಿದರು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 77 ಹೆಂಗಸರು, 82 ಗಂಡಸರು ಒಂದಲ್ಲ ಒಂದು ಕಾರಣಕ್ಕೆ 'ಸರಿ' ಅಂದರು. ಆ ಏಳು ಕಾರಣಗಳಲ್ಲಿ ಒಂದು ಯಾವುದು ಗೊತ್ತೇ? ಮನೆಯನ್ನು, ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಅನ್ನೋದು. ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳಲಿ ಅಂತ ಮಕ್ಕಳ ಎದುರಿಗೇ ತಾಯಿಗೆ ಹೊಡೆಯೋದು! ಇದಕ್ಕಿಂತ ದೊಡ್ಡ ತಮಾಷೆ ಬೇಕೆ?

ಇದು ಬಡವರ ಕೇರಿಯ ಕಥೆ ಅಂತ ಮೂಗು ಮುರಿಯುವವರೂ ಇದ್ದಾರೆ. ಮಂಡಕ್ಕಿ ಭಟ್ಟಿಯ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ ಒಂದು ಮನೆಯ ಏಟು ನಾಲ್ಕು ಮನೆಗೆ ಕೇಳುತ್ತದೆ. ಪಿ.ಜೆ. ಬಡಾವಣೆಯಲ್ಲಿ, ವಿದ್ಯಾನಗರದಲ್ಲಿ ಕಾಂಪೌಂಡು ಎತ್ತರ, ಗೋಡೆ ದಪ್ಪ. ಏಟು ಕೇಳೋದಿಲ್ಲ, ಅಷ್ಟೇ ವ್ಯತ್ಯಾಸ. ಮಾರನೇ ದಿನ ಕಾರಿನಲ್ಲಿ ಶಾಲೆಗೆ ಬಂದಿಳಿಯುವ ಮಗುವಿನ ಮುಖ, ಬರಿಗಾಲಲ್ಲಿ ನಡೆದು ಬರುವ ಮಗುವಿನ ಮುಖ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಷ್ಟ್ರಿಗೆ ವ್ಯತ್ಯಾಸ ಕಾಣೋದಿಲ್ಲ.

ಅಂಗಡಿ ಕಟ್ಟೆಗೆ ಕಾಣುವ ಮಕ್ಕಳು

ಈ ಮಕ್ಕಳು ಎಲ್ಲೋ ದೂರದಲ್ಲಿಲ್ಲ. ವ್ಯಾಪಾರ ಮಾಡುವವರ ಕಣ್ಣಿಗೆ ದಿನಾ ಬೀಳುತ್ತಾರೆ. ರಾತ್ರಿ ಒಂಬತ್ತಕ್ಕೆ ಕಾಲು ಕೆ.ಜಿ. ಸಕ್ಕರೆಗೆ ಬರುವ ಹುಡುಗ, ಸಕ್ಕರೆ ಕಟ್ಟಿಕೊಟ್ಟ ಮೇಲೂ ಹೋಗುವುದಿಲ್ಲ. ಬಾಟಲಿಯಲ್ಲಿನ ಪೆಪ್ಪರಮಿಂಟು ನೋಡುತ್ತಾ ನಿಲ್ಲುತ್ತಾನೆ, ಶಟರ್ ಎಳೆಯುವವರೆಗೂ ನಿಲ್ಲುತ್ತಾನೆ. 'ಯಾಕಪ್ಪಾ, ಮನೆಗೆ ಹೋಗಲ್ವಾ?' ಅಂದರೆ 'ಹೋಗ್ತೀನಿ ಅಣ್ಣಾ' ಅಂತ ನಾಲ್ಕು ಹೆಜ್ಜೆ ಹೋಗಿ ಕಟ್ಟೆ ಮೇಲೆ ಕೂರುತ್ತಾನೆ. ಎಲ್ಲರೂ ತಿಳಿಯೋದು, ಪೋಲಿ ಹುಡುಗ, ಓದೋದಕ್ಕೆ ಸೋಮಾರಿ ಅಂತ. ಅವನು ಅಪ್ಪ ಮಲಗುವ ಹೊತ್ತಿಗೆ ಕಾಯ್ತಿದ್ದಾನೆ ಅಂತ ಯಾರಿಗೂ ಹೊಳೆಯೋದಿಲ್ಲ. ಹೀಗೆ ನಿಲ್ಲುವ ಹುಡುಗರೆಲ್ಲರ ಮನೆಯಲ್ಲೂ ಇದೇ ಕಾರಣ ಅಂತೇನಿಲ್ಲ. ಆದರೆ ಕಾರಣ ಇದೂ ಇರಬಹುದು ಅನ್ನುವ ಯೋಚನೆಯಾದರೂ ಬರಬೇಡವೇ?

ಬಸ್ಸಿನಲ್ಲಿ ಓಡಾಡುವವರ ಕಣ್ಣಿಗೂ ಬೀಳುತ್ತಾರೆ. ಬೆಳಗಾಗುವ ಮೊದಲೇ ಜಗಳೂರಿನ ಬಸ್ಸಿಗೋ ಚನ್ನಗಿರಿಯ ಬಸ್ಸಿಗೋ ಎರಡು ಮಕ್ಕಳನ್ನು, ಒಂದು ಬಟ್ಟೆ ಗಂಟನ್ನು ಹತ್ತಿಸಿಕೊಳ್ಳುವ ತಾಯಿ. ದೊಡ್ಡ ಹುಡುಗಿ ಎಂಟೊಂಬತ್ತು ವರ್ಷದವಳು, ತಮ್ಮನನ್ನು ತೊಡೆ ಮೇಲೆ ಕೂರಿಸಿಕೊಂಡು ದೊಡ್ಡ ಹೆಂಗಸಿನ ಹಾಗೆ ಸಮಾಧಾನ ಮಾಡುತ್ತಿರುತ್ತಾಳೆ. 'ಎಷ್ಟು ಜಾಣೆ ಕಣಮ್ಮಾ ನಿನ್ನ ಮಗಳು!' ಅಂತ ಪಕ್ಕದ ಸೀಟಿನ ಅಜ್ಜಿ ಹೊಗಳುತ್ತಾಳೆ. ಆ ಜಾಣತನ ಎಲ್ಲಿಂದ ಬಂತು? ಏಟು ಬೀಳುವಾಗ ತಮ್ಮನನ್ನು ಎತ್ತಿಕೊಂಡು ಹಿತ್ತಲಿಗೆ ಓಡಿ ಓಡಿ ಬಂದದ್ದು ಅದು. ಎಂಟು ವರ್ಷದ ಮಗುವಿಗೆ ಎಂಟು ವರ್ಷದ ಮಗುವಾಗಿರುವ ಹಕ್ಕು ಬೇಡವೇ?

ವಯಸ್ಸಿಗೆ ತಕ್ಕ ಹಾಗೆ ಗುರುತುಗಳು ಬೇರೆ ಬೇರೆ. ತೊಟ್ಟಿಲ ಕೂಸಿಗೆ ಏನು ತಿಳಿಯುತ್ತೆ ಅಂತಾರೆ. ಮಾತು ತಿಳಿಯದಿದ್ದರೂ ಗದ್ದಲ ತಿಳಿಯುತ್ತೆ, ತಾಯಿಯ ಮೈಯ ನಡುಕ ತಿಳಿಯುತ್ತೆ. ಅದು ಬೆಚ್ಚಿ ಬೀಳುತ್ತೆ, ಹಾಲು ಕುಡಿಯೋದಿಲ್ಲ, ನಿದ್ದೆ ಮಾಡೋದಿಲ್ಲ. ಮನೆಯವರು ದೃಷ್ಟಿಯಾಯಿತು ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಆರೇಳು ವರ್ಷದ ಮಗು ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸವನ್ನು ಮತ್ತೆ ಶುರು ಮಾಡುತ್ತದೆ. ದಿನಾ ಹೊಟ್ಟೆನೋವು, ತಲೆನೋವು ಅನ್ನುತ್ತದೆ. ಡಾಕ್ಟರು ನೋಡಿದರೆ ಏನೂ ಇಲ್ಲ. ಶಾಲೆಯಲ್ಲಿ ಕಪ್ಪು ಹಲಗೆ ಕಡೆ ಕಣ್ಣು, ಮನಸ್ಸೆಲ್ಲ ಮನೆಯಲ್ಲಿ... ಅವ್ವ ಈಗ ಏನಾಗಿದ್ದಾಳೋ? ಮಗ್ಗಿ ತಲೆಗೆ ಹತ್ತುವುದಾದರೂ ಹೇಗೆ?

ಹದಿನಾಲ್ಕು ಹದಿನೈದಕ್ಕೆ ಬಂದ ಮೇಲೆ ಕಥೆ ಇನ್ನೊಂದು ತಿರುವು ಪಡೆಯುತ್ತದೆ. ಹುಡುಗ ಒಂದು ರಾತ್ರಿ ಅಪ್ಪನ ಕೈ ಹಿಡಿಯುತ್ತಾನೆ, ಇಲ್ಲವೇ ಮನೆ ಬಿಡುತ್ತಾನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರುತ್ತಾನೆ, ಬೀಡಿ, ಗುಟ್ಕಾ ಕಲಿಯುತ್ತಾನೆ. ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ, ಇಲ್ಲವೇ ಈ ಮನೆಯಿಂದ ಹೊರಬಿದ್ದರೆ ಸಾಕು ಅಂತ ಸಿಕ್ಕ ಮೊದಲ ಗಂಡಿಗೆ ಹೂಂ ಅನ್ನುತ್ತಾಳೆ. ಹದಿನೆಂಟು ತುಂಬದಿದ್ದರೂ ಸರಿ! ತಪ್ಪಿಸಿಕೊಳ್ಳಲು ಹೋದದ್ದು ಇನ್ನೊಂದು ಅಂಥದೇ ಮನೆಗೆ. ಅಪ್ಪ ಅಮ್ಮನಿಗೆ ಹೊಡೆಯೋದನ್ನು ಕಂಡು ಬೆಳೆದ ಹೆಂಗಸರಲ್ಲಿ ಗಂಡನಿಂದ ಏಟು ತಿನ್ನುವವರ ಪ್ರಮಾಣ ಹೆಚ್ಚು ಅನ್ನುವುದನ್ನು ಮೇಲೆ ಹೇಳಿದ ಸಮೀಕ್ಷೆಯೇ ತೋರಿಸಿದೆ.

'ಮಗೂಗೆ ಏಟು ಬಿದ್ದಿಲ್ಲವಲ್ಲ'

ಪಂಚಾಯ್ತಿಗೆ ಕೂತ ದೊಡ್ಡವರೆಲ್ಲ ಹೇಳುವ ಮಾತು ಒಂದಿದೆ. 'ಅವನು ಎಷ್ಟೇ ಕೆಟ್ಟವನಾಗಲಿ, ಮಕ್ಕಳ ಮೈ ಮುಟ್ಟಿಲ್ಲ ನೋಡಿ. ಮಕ್ಕಳಂದ್ರೆ ಪ್ರಾಣ ಅವನಿಗೆ.' ಮೈ ಮುಟ್ಟಿಲ್ಲ ಸರಿ. ಆದರೆ ಏಟು ಬರೀ ಚರ್ಮದ ಮೇಲೆ ಬೀಳೋದಿಲ್ಲ ಸ್ವಾಮೀ.

1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಒಂಬತ್ತೂವರೆ ಸಾವಿರ ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ವಿಚಾರಿಸಿದ್ದರು. ಏಳು ಬಗೆಯ ಕಷ್ಟಗಳ ಪಟ್ಟಿ. ಅದರಲ್ಲಿ ಒಂದು, ಮನೆಯಲ್ಲಿ ತಾಯಿಗೆ ಹೊಡೆತ ಬೀಳುತ್ತಿತ್ತೇ ಅನ್ನೋದು. ಮಗುವಿಗೆ ಬಿದ್ದ ಹೊಡೆತ ಬೇರೆ, ತಾಯಿಗೆ ಬಿದ್ದ ಹೊಡೆತ ಬೇರೆ; ಎರಡನ್ನೂ ಮಗುವಿನ ಖಾತೆಗೇ ಬರೆದರು. ಏನೂ ಕಷ್ಟ ಕಾಣದವರಿಗೆ ಹೋಲಿಸಿದರೆ, ಅಂಥ ನಾಲ್ಕು ಅಥವಾ ಹೆಚ್ಚು ಕಷ್ಟ ಕಂಡವರಿಗೆ ಕುಡಿತದ ಚಟ, ಮಾದಕವಸ್ತು, ಮನೋಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಹೃದ್ರೋಗದಂಥ ದೇಹದ ಕಾಯಿಲೆಗಳೂ ಹೆಚ್ಚಿದ್ದವು. ಮುಂದೆ 2011ರಲ್ಲಿ ಲಂಡನ್ನಿನ ಸಂಶೋಧಕರು, ಮನೆಯಲ್ಲಿ ಹಿಂಸೆ ಕಂಡ ಮಕ್ಕಳಿಗೆ ಸಿಟ್ಟಿನ ಮುಖಗಳ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನಿಂಗ್ ಮಾಡಿದರು. ಅಪಾಯವನ್ನು ಗುರುತಿಸುವ ಭಾಗಗಳು, ಯುದ್ಧಭೂಮಿಯಿಂದ ಮರಳಿದ ಸೈನಿಕರಲ್ಲಿ ಕಂಡ ಹಾಗೆಯೇ ಅತಿಯಾಗಿ ಎಚ್ಚರಗೊಂಡಿದ್ದವು. ಸೈನಿಕನಿಗೆ ರಜೆಯಾದರೂ ಸಿಗುತ್ತೆ. ಮಗುವಿಗೆ ಯುದ್ಧಭೂಮಿಯೇ ಮನೆ.

ಇದರ ಅರ್ಥ, ಅಂಥ ಮನೆಯ ಮಕ್ಕಳೆಲ್ಲ ಕೆಟ್ಟುಹೋಗುತ್ತಾರೆ ಅಂತಲ್ಲ. ಹಾಗೆ ಹಣೆಪಟ್ಟಿ ಅಂಟಿಸುವುದು ಇನ್ನೊಂದು ಹಿಂಸೆ. 'ಅಪ್ಪನ ರಕ್ತ, ಹಾಗೇ ಆಗ್ತಾನೆ' ಅನ್ನುವ ನಾಲಿಗೆಗಳಿಗೆ ಬೀಗ ಬೀಳಬೇಕು. ಅಪ್ಪನನ್ನು ಕಂಡು 'ನಾನು ಹೀಗಾಗಬಾರದು' ಅಂತ ಶಪಥ ಮಾಡಿ ಬದುಕು ಕಟ್ಟಿಕೊಂಡವರು ಈ ಊರಿನಲ್ಲೇ ಬೇಕಾದಷ್ಟು ಇದ್ದಾರೆ. ಅಂಥವರ ಕಥೆ ಕೇಳಿದರೆ ಬಹುಪಾಲು ಒಬ್ಬ ಸೋದರಮಾವ, ಒಬ್ಬ ಟೀಚರ್, ಒಬ್ಬ ಪಕ್ಕದ ಮನೆಯ ಅಜ್ಜಿ ಸಿಗುತ್ತಾರೆ. ನಂಬಬಹುದಾದ ಒಬ್ಬ ದೊಡ್ಡ ಮನುಷ್ಯ ಹತ್ತಿರವಿದ್ದರೆ ಮಗು ತಡೆದುಕೊಳ್ಳುತ್ತೆ ಅನ್ನುವುದನ್ನು ಮಕ್ಕಳ ಮನಸ್ಸಿನ ತಜ್ಞರೂ ಹೇಳುತ್ತಾರೆ. ಆ ಒಬ್ಬರು ಯಾರಾಗಬೇಕು ಅನ್ನೋದೇ ಊರಿನ ಮುಂದಿರುವ ಪ್ರಶ್ನೆ.

ಎಲ್ಲಾ ತಪ್ಪೂ ಬಾಟಲಿಯದೇ?

'ಕುಡಿದಾಗ ಮಾತ್ರ ಹಂಗೆ. ಕುಡೀದಿದ್ರೆ ದೇವರಂಥ ಮನುಷ್ಯ' ಅನ್ನುವ ಸರ್ಟಿಫಿಕೇಟು ಎಲ್ಲ ಕಡೆ ಸಿದ್ಧವಿರುತ್ತದೆ. ಕುಡಿತ ಬೆಂಕಿಗೆ ತುಪ್ಪ ಸುರಿಯುತ್ತೆ, ಸುಳ್ಳಲ್ಲ. ಕೂಲಿಯ ದುಡ್ಡೆಲ್ಲ ಅಂಗಡಿಗೆ ಹೋದರೆ ಮಕ್ಕಳಿಗೆ ಉಪವಾಸ, ಅದೂ ಸುಳ್ಳಲ್ಲ. ಆದರೆ ಅದೇ ಮನುಷ್ಯ ಕುಡಿದ ಅಮಲಿನಲ್ಲಿ ಸಾವ್ಕಾರರ ಮೇಲೆ ಕೈ ಎತ್ತುತ್ತಾನಾ? ಪೊಲೀಸಿನವನ ಕಪಾಳಕ್ಕೆ ಹೊಡೆಯುತ್ತಾನಾ? ಅಲ್ಲೆಲ್ಲ 'ನಮಸ್ಕಾರ್ರೀ' ಅಂತಾನೆ. ಯಾರಿಗೆ ಹೊಡೆದರೆ ಕೇಳುವವರಿಲ್ಲ ಅನ್ನುವ ಲೆಕ್ಕ ಅಮಲಿನಲ್ಲೂ ತಪ್ಪೋದಿಲ್ಲ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಹೆಂಗಸರು ಹರಕೆ ತೀರಿತು ಅಂದುಕೊಂಡರು. ಪ್ಯಾಕೆಟ್ಟು ಹೋಗಿ ಅಗ್ಗದ ವಿಸ್ಕಿ ಬಂತು. ಹನ್ನೆರಡು ವರ್ಷದ ಮೇಲೆ ಶುರುವಾದ ಸಮೀಕ್ಷೆಯ ಅಂಕಿ ಏನು ಅನ್ನೋದನ್ನು ಮೇಲೆಯೇ ಕಂಡಾಯಿತು. ಬಾಟಲಿಯ ಜೊತೆಗೆ, ಹೆಂಡತಿಗೆ ಹೊಡೆಯೋದು ಗಂಡನ ಹಕ್ಕು ಅನ್ನುವ ಅಮಲೂ ಇಳಿಯಬೇಕು.

ಇನ್ನು ಹಿರಿಯರ ಬುದ್ಧಿಮಾತು. ಏಟು ತಿಂದು ತವರಿಗೆ ಬಂದ ಮಗಳಿಗೆ ಅಪ್ಪ ಅಮ್ಮ, ಅಣ್ಣ ಅತ್ತಿಗೆ, ಮಠದವರು, ಊರ ಗೌಡರು ಎಲ್ಲರೂ ಹೇಳೋದು ಒಂದೇ. 'ಮಕ್ಕಳ ಮುಖ ನೋಡಿಕೊಂಡು ಸಹಿಸ್ಕೋಳವ್ವಾ.' ಹೀಗೆ ಹೇಳುವವರು ಯಾರಾದರೂ ಒಂದು ದಿನ ನಿಜವಾಗಿ ಆ ಮಕ್ಕಳ ಮುಖ ನೋಡಿದ್ದಾರಾ? ಅಪ್ಪ ಅಮ್ಮ ಒಂದೇ ಸೂರಿನಡಿ ಇದ್ದರೆ ಸಾಕು, ಮಕ್ಕಳು ಸುಖವಾಗಿರ್ತಾರೆ ಅನ್ನೋದು ದೊಡ್ಡವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ. ಮಗು ಕೇಳೋದು ಸೂರನ್ನಲ್ಲ, ಆ ಸೂರಿನ ಕೆಳಗೆ ಹೆದರಿಕೆ ಇಲ್ಲದ ಒಂದು ರಾತ್ರಿಯನ್ನು. ಹಾಗಂತ ಎಲ್ಲ ಸಂಸಾರವೂ ಒಡೆಯಲಿ ಅಂತ ಯಾರೂ ಹೇಳುತ್ತಿಲ್ಲ. ತಿದ್ದಿಕೊಳ್ಳುವ ಗಂಡಸರಿದ್ದಾರೆ; ಕುಡಿತ ಬಿಟ್ಟು, ಕೈ ಕಟ್ಟಿಕೊಂಡು ಬದುಕಿದವರಿದ್ದಾರೆ. ಆದರೆ ರಾಜಿ ಮಾಡಿಸುವವರು ಹೆಂಗಸಿನಿಂದ ಮಾತ್ರ 'ಸಹಿಸ್ತೀನಿ' ಅನ್ನುವ ಮಾತು ತಗೊಂಡು, ಗಂಡಸಿನಿಂದ 'ಹೊಡೆಯಲ್ಲ' ಅನ್ನುವ ಮಾತನ್ನು ಸರಿಯಾಗಿ ತಗೊಳ್ಳದೆ ಎದ್ದುಬಿಟ್ಟರೆ ಅದು ರಾಜಿಯಲ್ಲ, ಏಟಿಗೆ ಲೈಸೆನ್ಸು.

ಕಾಯ್ದೆ ಇದೆ, ಕಪಾಟಿನಲ್ಲಿದೆ

ಕಾಯ್ದೆ ಇಲ್ಲವೇ? ಬೇಕಾದಷ್ಟಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಬರೀ ಹೊಡೆತ ಅಲ್ಲ, ಬೈಗುಳ, ಅವಮಾನ, ಮನೆಖರ್ಚಿಗೆ ದುಡ್ಡು ಕೊಡದಿರುವುದೂ ಅದರ ಪ್ರಕಾರ ಹಿಂಸೆಯೇ. 'ನಿನ್ನ ಮಕ್ಕಳನ್ನು ಏನ್ ಮಾಡ್ತೀನಿ ನೋಡ್ತಿರು' ಅಂತ ಪದೇ ಪದೇ ಹೆದರಿಸುವುದೂ ಹಿಂಸೆಯೇ. ಮ್ಯಾಜಿಸ್ಟ್ರೇಟರು ಹೊಡೆಯಬೇಡ ಅಂತ ಆಜ್ಞೆ ಮಾಡಬಹುದು, ಮನೆಯಿಂದ ಹೊರಗಿರು ಅನ್ನಬಹುದು, ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು, ತಾಯಿಗೂ ಮಕ್ಕಳಿಗೂ ಜೀವನಾಂಶ ಕೊಡಿಸಬಹುದು. ಮಗುವಿನ ಶಾಲೆಯ ಹತ್ತಿರ ಬರಬೇಡ ಅಂತಲೂ ತಡೆಯಬಹುದು. ಅರ್ಜಿ ಬಂದ 3 ದಿನದೊಳಗೆ ಮೊದಲ ವಿಚಾರಣೆ ಸಾಮಾನ್ಯವಾಗಿ ನಡೆಯಬೇಕು. ಅಲ್ಲಿಂದ 60 ದಿನದೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ರಕ್ಷಣೆಯ ಆಜ್ಞೆ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇದಲ್ಲದೆ 2015ರ ಬಾಲ ನ್ಯಾಯ ಕಾಯ್ದೆಯ 75ನೇ ಕಲಂ ಇದೆ. ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಹೊಡೆದರೆ, ಹಿಂಸಿಸಿದರೆ, ಬೇಕೆಂದೇ ಕಡೆಗಣಿಸಿ ಮೈಗೋ ಮನಸ್ಸಿಗೋ ನೋವಾಗುವಂತೆ ಮಾಡಿದರೆ 3 ವರ್ಷದವರೆಗೆ ಸೆರೆ. 1983ರಲ್ಲಿ ಬಂದ 498ಎ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಹೆಂಗಸರಿಗೂ ಮಕ್ಕಳಿಗೂ ಆದಾಯದ ಲೆಕ್ಕ ಕೇಳದೆ ಉಚಿತ ವಕೀಲರನ್ನು ಒದಗಿಸಲು 1987ರ ಕಾಯ್ದೆಯ ಪ್ರಕಾರ ಕಾನೂನು ಸೇವಾ ಪ್ರಾಧಿಕಾರವಿದೆ. ತಾಲ್ಲೂಕಿನಲ್ಲಿ ಅದರ ಸಮಿತಿ ಇದೆ.

ಹಾಗಾದರೆ ತೊಡಕು ಎಲ್ಲಿ? ಕಾಯ್ದೆಯ ಪ್ರಕಾರ ದೂರು ತೆಗೆದುಕೊಂಡು ನೆರವಾಗಬೇಕಾದವರು ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ಈ ಕೆಲಸವನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ, ಅಂದರೆ ಸಿ.ಡಿ.ಪಿ.ಒ.ಗಳ ತಲೆಗೆ ಹೆಚ್ಚುವರಿಯಾಗಿ ಕಟ್ಟಿದ್ದಾರೆ. ಅಂಗನವಾಡಿ ಅಡುಗೆಗೂ ಅವರೇ, ಮೊಟ್ಟೆ ಲೆಕ್ಕಕ್ಕೂ ಅವರೇ, ಕಟ್ಟಡ ಸೋರಿದರೂ ಅವರೇ, ಮೀಟಿಂಗಿಗೂ ಅವರೇ. ನಡುವೆ ಏಟು ತಿಂದ ಹೆಂಗಸು ಬಂದರೂ ಅವರೇ! ಒಂದು ತಾಲ್ಲೂಕಿಗೆ ಒಬ್ಬ ಮನುಷ್ಯ ಎಷ್ಟು ಕಡೆ ನಿಲ್ಲಬೇಕು? ಪಾಪ, ಅವರನ್ನು ಬೈದು ಪ್ರಯೋಜನವಿಲ್ಲ. ಬೇರೆ ಯಾವ ಕೆಲಸವೂ ಇಲ್ಲದ ಪೂರ್ಣಾವಧಿ ಸಂರಕ್ಷಣಾಧಿಕಾರಿ ಪ್ರತಿ ತಾಲ್ಲೂಕಿಗೆ ಬೇಕು ಅನ್ನುವ ಬೇಡಿಕೆ ವಿಧಾನಸೌಧಕ್ಕೆ ಮುಟ್ಟಬೇಕು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಈ ಕಾಯ್ದೆ ನಡೆಯೋದು ತಾಯಿಯ ಹೆಸರಿನಲ್ಲಿ. ಮಗು ಅವಳ ಸೆರಗು ಹಿಡಿದುಕೊಂಡು ಕೋರ್ಟಿಗೆ ಬರುತ್ತದೆ ಅಷ್ಟೇ. ಆ ಮಗುವಿಗೆ ಏನಾಗಿದೆ, ಅದಕ್ಕೆ ಯಾವ ಆರೈಕೆ ಬೇಕು ಅಂತ ಬೇರೆಯಾಗಿ ಕೇಳುವ ಪದ್ಧತಿಯೇ ಬೆಳೆದಿಲ್ಲ. ಇಂಗ್ಲೆಂಡಿನಲ್ಲಿ 2021ರಲ್ಲಿ ಬಂದ ಕಾಯ್ದೆ, ಮನೆಯ ಹಿಂಸೆಯನ್ನು ಕಂಡ, ಕೇಳಿದ, ಅದರ ಪರಿಣಾಮ ಅನುಭವಿಸಿದ ಮಗುವನ್ನೂ ನೇರವಾಗಿ ಸಂತ್ರಸ್ತ ಎಂದೇ ಕರೆದಿದೆ. ಈ ದೇಶದಲ್ಲೂ ಹಾಗೆ ಬರೆಯಬೇಕು. 'ಮಗುವಿಗೆ ಏಟು ಬಿದ್ದಿಲ್ಲವಲ್ಲ' ಅನ್ನುವ ಮಾತಿಗೆ ಅಂಥದ್ದೊಂದು ಸಾಲೇ ತಕ್ಕ ಉತ್ತರ.

ಟಿ.ಸಿ. ಇಲ್ಲದ ಮಗು

ಮೂರನೆಯದು ಸಣ್ಣದಾಗಿ ಕಾಣುತ್ತೆ, ಆದರೆ ಮಕ್ಕಳಿಗೆ ಭಾರೀ ಏಟು ಕೊಡೋದು ಇದೇ. ತಾಯಿ ಮಕ್ಕಳನ್ನು ಕರೆದುಕೊಂಡು ರಾತ್ರೋರಾತ್ರಿ ತವರಿಗೆ ಹೋಗುತ್ತಾಳೆ. ಅಲ್ಲಿನ ಶಾಲೆಯಲ್ಲಿ 'ಟಿ.ಸಿ. ತಗೊಂಬಾ' ಅಂತಾರೆ. ಹಳೆಯ ಶಾಲೆಯಲ್ಲಿ 'ತಂದೆ ಬಂದು ಸಹಿ ಹಾಕಲಿ' ಅಂತಾರೆ. ತಂದೆಗೆ ಅದೇ ಬೇಕು. ಟಿ.ಸಿ. ಅವನ ಕೈಯಲ್ಲಿನ ಹಗ್ಗ. ಅದನ್ನು ಹಿಡಿದು ಎಳೆದರೆ ತಾಯಿಯೂ ಮಕ್ಕಳೂ ವಾಪಸ್ಸು ಬರಬೇಕು. ಬರದಿದ್ದರೆ ಮಗುವಿಗೆ ಒಂದು ವರ್ಷ ಹಾಳು.

2009ರ ಶಿಕ್ಷಣ ಹಕ್ಕು ಕಾಯ್ದೆ ಏನು ಹೇಳುತ್ತೆ? ಒಂದರಿಂದ ಎಂಟನೇ ತರಗತಿಯ ಮಗು ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬೇಕೆಂದರೆ ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ತಕ್ಷಣ ಕೊಡಬೇಕು. ಟಿ.ಸಿ. ತಡವಾಯಿತು ಅಂತ ಹೊಸ ಶಾಲೆಯವರು ಸೇರಿಸಿಕೊಳ್ಳಲು ತಡ ಮಾಡುವಂತಿಲ್ಲ, ಇಲ್ಲ ಅನ್ನುವಂತೆಯೂ ಇಲ್ಲ. ತಾಯಿಯೂ ಮಗುವಿನ ಸಹಜ ಪಾಲಕಿಯಾಗಿ ನಡೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟು ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲೇ ಹೇಳಿದೆ. ಇಷ್ಟಿದ್ದೂ ಅಪ್ಪನ ಸಹಿಯೇ ಬೇಕು ಅಂತ ಕೂರುವುದು ಯಾವ ನ್ಯಾಯ? ಇದಕ್ಕೆ ಹೊಸ ಕಾನೂನು ಬೇಡ, ಬಜೆಟ್ಟೂ ಬೇಡ. ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಜಿಲ್ಲೆಯ ಎಲ್ಲ ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಿ, ಈ ಕಾಯ್ದೆಯನ್ನು ನೆನಪಿಸಿದರೆ ಸಾಕು. ಒಂದು ಹಾಳೆ, ಒಂದು ಸಹಿ!

ನಮಗ್ಯಾಕ್ರೀ ಅನ್ನುವವರಿಗೆ

'ಬೇರೆಯವರ ಮನೆ ವಿಷಯ ನಮಗ್ಯಾಕ್ರೀ? ನಾಳೆ ಕೋರ್ಟು ಕಚೇರಿ ಅಲೆಯೋರು ಯಾರು?' ಈ ಭಯ ಸುಳ್ಳಲ್ಲ. ಅದಕ್ಕೇ ಕಾಯ್ದೆಯ 4ನೇ ಕಲಂನಲ್ಲಿ ಉತ್ತರವಿದೆ. ಹಿಂಸೆ ನಡೆದಿದೆ, ನಡೀತಿದೆ, ನಡೆಯುವ ಹಾಗಿದೆ ಅಂತ ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರೋದಿಲ್ಲ. ಮಕ್ಕಳ ಸಹಾಯವಾಣಿ 1098, ಮುಂಬಯಿಯಲ್ಲಿ 1996ರಲ್ಲಿ ಶುರುವಾದದ್ದು, ಈಗ ದೇಶಕ್ಕೆಲ್ಲ ಇದೆ. ದುಡ್ಡಿಲ್ಲ, ರಾತ್ರಿ ಹಗಲಿಲ್ಲ. ಹೆಂಗಸರಿಗೆ 181. ಏಟು ಬೀಳುತ್ತಿರುವಾಗಲೇ ಆದರೆ 112. ವೈದ್ಯ, ವಕೀಲ, ಪೊಲೀಸು, ತಂಗಲು ಜಾಗ ಎಲ್ಲ ಒಂದೇ ಕಡೆ ಸಿಗಲಿ ಅಂತ 2015ರಲ್ಲಿ ಶುರುವಾದ ಯೋಜನೆಯ 'ಸಖಿ' ಕೇಂದ್ರ ಜಿಲ್ಲಾ ಕೇಂದ್ರದಲ್ಲಿದೆ. ಮನಸ್ಸಿನ ಭಾರ ಹೇಳಿಕೊಳ್ಳಲು, ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಟೆಲಿ ಮಾನಸ್ 14416 ಇದೆ. 2022ರಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು.

ಹಿಂದೆ ಬಸ್ ಚಾರ್ಜಿಗೂ ಗಂಡನ ಮುಂದೆ ಕೈ ಚಾಚಬೇಕಾಗಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಹೊನ್ನಾಳಿಯಿಂದ, ಜಗಳೂರಿನಿಂದ ಜಿಲ್ಲಾ ಕೇಂದ್ರಕ್ಕೆ ಬರಲು ದುಡ್ಡಿನ ಅಡ್ಡಿ ಇಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಹೇಳುವವರು ಯಾರು? ಸೀರೆ ಅಂಗಡಿ, ಕೋಚಿಂಗ್ ಕ್ಲಾಸು, ಮೂಲವ್ಯಾಧಿ ಔಷಧಿ ಎಲ್ಲದರ ಬೋರ್ಡೂ ಸಿಗುತ್ತೆ. ನಿಲ್ದಾಣದಲ್ಲೂ ಪ್ರತಿ ಬಸ್ಸಿನಲ್ಲೂ 1098, 181, ಸಖಿ ಕೇಂದ್ರದ ವಿಳಾಸ ಅಕ್ಷರ ಕಾಣುವ ಹಾಗೆ ಬರೆಸುವುದಕ್ಕೆ ಎಷ್ಟು ಡಬ್ಬಿ ಬಣ್ಣ ಬೇಕು?

ಅಂಗಡಿಯವರು ಮಾಡಬೇಕಾದ್ದೂ ದೊಡ್ಡದೇನಲ್ಲ. ಕ್ಯಾಲೆಂಡರಿನ ಪಕ್ಕ ಮೂರು ನಂಬರು ಬರೆದು ಅಂಟಿಸಲಿ. ರಾತ್ರಿ ಕಟ್ಟೆ ಮೇಲೆ ಕೂರುವ ಹುಡುಗನನ್ನು ಗದರಿಸಿ ಓಡಿಸದಿರಲಿ. 'ಊಟ ಆಯ್ತೇನಪ್ಪಾ?' ಅಂತ ಕೇಳಲಿ. ಅವನಾಗಿ ಹೇಳಿದರೆ ಕೇಳಿಸಿಕೊಳ್ಳಲಿ, ನಾಲ್ಕು ಗಿರಾಕಿಗಳ ಎದುರಿಗೆ ಬಗೆದು ಕೇಳುವುದು ಬೇಡ. 'ನಿನ್ನ ತಪ್ಪಲ್ಲ ಮಗಾ' ಅನ್ನುವ ಒಂದು ಮಾತು ಸಾಕು. ಯಾಕೆಂದರೆ ಅಂಥ ಮನೆಯ ಬಹಳ ಮಕ್ಕಳು, ತಾನು ಮಾರ್ಕ್ಸು ಕಡಿಮೆ ತಂದದ್ದಕ್ಕೇ, ತಾನು ಅತ್ತದ್ದಕ್ಕೇ ಅಪ್ಪ ಅವ್ವನಿಗೆ ಹೊಡೆದ ಅಂದುಕೊಂಡಿರುತ್ತಾರೆ. ಎಚ್ಚರ ಒಂದೇ. ಹುಡುಗ ಹೇಳಿದ್ದನ್ನು ಅವನ ಅಪ್ಪನ ಮುಂದೆ ಹೇಳಿ ಬುದ್ಧಿವಾದಕ್ಕೆ ಹೋಗಬಾರದು. ಹೋದರೆ ಆ ರಾತ್ರಿ ಹುಡುಗನಿಗೂ ತಾಯಿಗೂ ಗ್ರಹಚಾರ. ಹೆಂಗಸು ಮನೆ ಬಿಟ್ಟು ಹೊರಡುವ ಹೊತ್ತು ಎಲ್ಲಕ್ಕಿಂತ ಅಪಾಯದ ಹೊತ್ತು. ಆಗ ಸುದ್ದಿ ಹರಡದಿರುವುದೇ ದೊಡ್ಡ ಉಪಕಾರ.

'ಸುಳ್ಳು ಕೇಸು ಹಾಕೋರೂ ಇದ್ದಾರಲ್ರೀ' ಅನ್ನುವ ಮಾತೂ ಬರುತ್ತೆ. ಇರಬಹುದು. ಅದನ್ನು ಅಳೆಯೋದಕ್ಕೆ ಕೋರ್ಟು ಇದೆ, ಸಾಕ್ಷಿ ಇದೆ. ಸುಳ್ಳು ಚೆಕ್ಕು ಕೊಡುವವರಿದ್ದಾರೆ ಅಂತ ಮಂಡಿಪೇಟೆಯಲ್ಲಿ ವ್ಯಾಪಾರ ನಿಂತಿದೆಯೇ? ಇನ್ನು ರಾತ್ರಿ ಹನ್ನೊಂದಕ್ಕೆ ಚೀರಿಕೊಂಡು ಬೀದಿಗೆ ಓಡಿಬರುವ ಐದು ವರ್ಷದ ಮಗುವಿಗೆ ಸುಳ್ಳು ಹೇಳಿ ಏನಾಗಬೇಕಾಗಿದೆ?

ಕೇಳಬೇಕಾದ್ದು ಇಷ್ಟೇ. ತಾಲ್ಲೂಕಿಗೊಬ್ಬ ಪೂರ್ಣಾವಧಿ ಸಂರಕ್ಷಣಾಧಿಕಾರಿ. ಸಖಿ ಕೇಂದ್ರಕ್ಕೆ ತಾಯಿಯ ಜೊತೆ ಬರುವ ಮಗುವನ್ನೂ ಕೂರಿಸಿ ಮಾತಾಡಿಸುವ, ಮಕ್ಕಳ ಮನಸ್ಸು ತಿಳಿದ ಒಬ್ಬ ಸಲಹೆಗಾರರು. ಟಿ.ಸಿ. ಬಗ್ಗೆ ಒಂದು ಸುತ್ತೋಲೆ. ಬಸ್ಸಿಗೆ, ನಿಲ್ದಾಣಕ್ಕೆ ಒಂದಿಷ್ಟು ಬಣ್ಣ. ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಕೊನೆಯ ಎರಡು ಕೆಲಸ ಹದಿನೈದು ದಿನದಲ್ಲಿ ಆಗುತ್ತವೆ. ಮೊದಲಿನ ಎರಡಕ್ಕೆ ಶಾಸಕರು ಬೆಂಗಳೂರಿನಲ್ಲಿ ಬಾಯಿ ಬಿಡಬೇಕು. ಮತ ಕೇಳಲು ಮನೆ ಮನೆಗೆ ಬರುವವರಿಗೆ ಯಾವ ಮನೆಯಲ್ಲಿ ಯಾವ ಮಗು ಬಾಗಿಲ ಸಂದಿಯಿಂದ ಹೆದರಿ ನೋಡುತ್ತೆ ಅನ್ನೋದು ಕಂಡೇ ಇರುತ್ತದೆ. ಆ ಮಗುವಿಗೆ ಇನ್ನೂ ವೋಟಿಲ್ಲ, ನಿಜ. ಹದಿನೆಂಟು ತುಂಬುವ ತನಕ ಅದು ಕಾಯಬೇಕೇ? ಸಂಬಂಧಪಟ್ಟವರು ಉತ್ತರ ಕೊಡಲಿ.